ಡೌನ್‌ಲೋಡ್ ಆಯ್ತು ಅನ್ನುತ್ತೆ ಏಜೆಂಟ್, ಫೈಲ್ ಮಾತ್ರ ಬೇರೆ: ದೋಷ ಹುಡುಕುವ ಕೈಪಿಡಿ

ಈ ಬರಹ ಒಂದೇ ಒಂದು ಟೂಲ್ ಬಗ್ಗೆ. ಲಿಂಕ್ ಕೊಟ್ಟರೆ ಫೈಲ್ ಇಳಿಸಿಕೊಡುವುದು ಅದರ ಕೆಲಸ. ಅದನ್ನು ಬಳಸುವುದು ಮನುಷ್ಯರಲ್ಲ, ಎಐ ಏಜೆಂಟ್, ಅಂದರೆ ಹೇಳಿದ ಕೆಲಸವನ್ನು ಟೂಲ್‌ಗಳನ್ನು ಕರೆದು ತಾನೇ ಮಾಡುವ ಪ್ರೋಗ್ರಾಂ. ರಾಯಚೂರಿನ ನಮ್ಮ ಸಣ್ಣ ಆಫೀಸಿನಲ್ಲಿ ಈ ಏಜೆಂಟ್ ದಿನಾ ಬೆಳಿಗ್ಗೆ ಒಂದಿಷ್ಟು ಫೈಲ್ ತರುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಯ ಮಾರುಕಟ್ಟೆ ದರಪಟ್ಟಿ, ತುಂಗಭದ್ರಾ ಜಲಾಶಯದ ನೀರಿನ ಮಟ್ಟ, ಹವಾಮಾನದ ವರದಿ. ಅವನ್ನು ಓದಿ ನಾಲ್ಕು ಸಾಲಿಗೆ ಇಳಿಸಿ ವಾಟ್ಸಾಪ್‌ಗೆ ಹಾಕುತ್ತದೆ. ಓದುವವರು ರಾಜೇಂದ್ರ ಗಂಜ್‌ನ ಹತ್ತಿ ದಲಾಲರು, ಗಂಗಾವತಿ ಕಡೆಯ ರೈಸ್ ಮಿಲ್‌ನವರು, ಸಿಂಧನೂರಿನ ನೆಲ್ಲು ಬೆಳೆಯುವ ರೈತರು. ತಪ್ಪಾದರೆ ಫೋನ್ ಬರುವುದು ಏಜೆಂಟ್‌ಗೆ ಅಲ್ಲ, ನಮಗೆ. "ಯಾವ ತಾರೀಖಿನ ರೇಟ್ರೀ ಇದು?"

ಇಂಥ ಫೋನ್ ಬಂದ ಕೂಡಲೇ ಎಲ್ಲರೂ ಏಜೆಂಟ್ ಒಳಗಿನ ಎಐ ಮಾಡೆಲ್ ಮೇಲೆ ಅನುಮಾನ ಪಡುತ್ತಾರೆ. ಎಐ ಸುಳ್ಳು ಹೇಳಿತು, ಕಥೆ ಕಟ್ಟಿತು ಅಂತ. ಕೆಲವು ಸಲ ಅದೂ ನಿಜ. ಆದರೆ ಡೌನ್‌ಲೋಡ್ ವಿಷಯದಲ್ಲಿ ಜಾಸ್ತಿ ಸಲ ಏಜೆಂಟ್ ಸುಳ್ಳು ಹೇಳಿರುವುದಿಲ್ಲ. ಟೂಲ್ ಹೇಳಿದ್ದನ್ನು ನಂಬಿರುತ್ತದೆ, ಅಷ್ಟೇ. ಟೂಲ್ ಒಳಗಿನ ಕೋಡ್ ಅದಕ್ಕೆ ಕಾಣುವುದಿಲ್ಲ. 2024ರ ನವೆಂಬರ್‌ನಲ್ಲಿ ಆಂಥ್ರಾಪಿಕ್ ಕಂಪನಿ ಹೊರತಂದ, ಏಜೆಂಟ್‌ಗೆ ಟೂಲ್ ಜೋಡಿಸುವ ಎಂಸಿಪಿ ಪದ್ಧತಿಯನ್ನೇ ತೆಗೆದುಕೊಳ್ಳಿ. ಏಜೆಂಟ್‌ಗೆ ಸಿಗುವುದು ಟೂಲ್‌ನ ಹೆಸರು, ಒಂದು ವಿವರಣೆ, ಏನೇನು ಕೊಡಬೇಕು ಎಂಬ ಪಟ್ಟಿ. ದಲಾಲಿ ಅಂಗಡಿಗೆ ಇವತ್ತೇ ಸೇರಿದ ಗುಮಾಸ್ತನ ಕೈಗೆ ಒಂದು ಚೀಟಿ ಕೊಟ್ಟು ಗೋದಾಮಿಗೆ ಕಳಿಸಿದ ಹಾಗೆ. ಚೀಟಿಯಲ್ಲಿ ಇಲ್ಲದ್ದನ್ನು ಅವನು ಊಹಿಸುತ್ತಾನೆ.

ನಮ್ಮ ಟೂಲ್ ಜೊತೆ ಬಂದಿದ್ದ ಚೀಟಿ ಇಷ್ಟೇ: "ಕೊಟ್ಟ ಲಿಂಕ್‌ನಿಂದ ಫೈಲ್ ಡೌನ್‌ಲೋಡ್ ಮಾಡುತ್ತದೆ." ಕೆಲಸ ಕೆಟ್ಟರೆ ಏನು ಉತ್ತರ ಬರುತ್ತದೆ ಎಂಬ ಬಗ್ಗೆ ಒಂದಕ್ಷರ ಇಲ್ಲ. ಕೆಳಗಿನ ದೋಷಗಳಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಅಲ್ಲಿಂದಲೇ.

ಮೊದಲು ನೋಡಬೇಕಾದ ಮೂರು ಜಾಗ

ಚಾಟ್‌ನಲ್ಲಿ ಏಜೆಂಟ್ ಬರೆದ ಮಾತನ್ನು ಸಾಕ್ಷಿ ಅಂತ ತೆಗೆದುಕೊಳ್ಳಬೇಡಿ. ಏನೇನು ನಡೆಯಿತು ಎಂಬ ದಾಖಲೆ, ಅಂದರೆ ಲಾಗ್ ತೆರೆಯಿರಿ. ಏಜೆಂಟ್ ಟೂಲನ್ನು ಕರೆದಾಗ ಯಾವ ಲಿಂಕ್, ಯಾವ ಹೆಸರು ಕೊಟ್ಟಿತು ಎಂಬುದು ಒಂದು. ಟೂಲ್ ತಿರುಗಿ ಕೊಟ್ಟ ಉತ್ತರ ಇನ್ನೊಂದು, ಅದನ್ನು ಇದ್ದದ್ದು ಇದ್ದ ಹಾಗೆ ನೋಡಬೇಕು. ಮೂರನೆಯದು ಡಿಸ್ಕ್‌ನಲ್ಲಿ ನಿಜವಾಗಿ ಏನು ಕೂತಿದೆ: ಗಾತ್ರ, ಸಮಯ, ಮೊದಲ ಕೆಲವು ಬೈಟ್.

ಟೂಲ್ ಉತ್ತರಕ್ಕೂ ಡಿಸ್ಕ್‌ಗೂ ತಾಳೆ ಆಗದಿದ್ದರೆ ತಪ್ಪು ಟೂಲ್‌ನದು. ಅವೆರಡೂ ತಾಳೆ ಆಗಿ, ಏಜೆಂಟ್ ಮಾತ್ರ ಬೇರೆ ಹೇಳುತ್ತಿದ್ದರೆ ವಿವರಣೆ ಓದಿ ನೋಡಿ, ಆಮೇಲೆ ಮಾಡೆಲ್ ಬಗ್ಗೆ ಯೋಚಿಸಿ. ಕೊಟ್ಟ ಲಿಂಕೇ ತಪ್ಪಾಗಿದ್ದರೆ ಏಜೆಂಟ್ ಅದನ್ನು ಊಹಿಸಿದೆ ಅಂತ ಅರ್ಥ. ಈ ಊಹೆ ತುಂಬ ಸಾಮಾನ್ಯ. ನಿನ್ನೆಯ ಲಿಂಕ್ ಕೊನೆಯಲ್ಲಿ 14 ಇತ್ತು, ಹಾಗಾಗಿ ಇವತ್ತು 15 ಇರಬೇಕು ಅಂದುಕೊಳ್ಳುತ್ತದೆ. ವಾರವಿಡೀ ಸರಿಹೋಗುತ್ತದೆ. ಮಾರುಕಟ್ಟೆಗೆ ರಜೆ ಇದ್ದ ದಿನ ಮುಗ್ಗರಿಸುತ್ತದೆ.

ಇನ್ನೊಂದು ಗಮನಿಸಿ. ಟೂಲ್ ಖಾಲಿ ಉತ್ತರ ಕೊಟ್ಟರೆ ಹೆಚ್ಚಿನ ಏಜೆಂಟ್‌ಗಳು ಅದನ್ನು ಯಶಸ್ಸು ಅಂತಲೇ ಓದುತ್ತವೆ. ಬೈಗುಳ ಬಂದಿಲ್ಲ, ಅಂದರೆ ಕೆಲಸ ಆಗಿದೆ. ಆದ್ದರಿಂದ ಲಾಗ್‌ನಲ್ಲಿ ಟೂಲ್ ಉತ್ತರದ ಜಾಗ ಖಾಲಿ ಇದ್ದರೆ ಮುಂದೆ ಓದುವ ಮೊದಲು ಅದನ್ನು ಸರಿಮಾಡಿ.

ಲಕ್ಷಣ: ಫೈಲ್ ಇದೆ, ಆದರೆ ತೆರೆಯುವುದಿಲ್ಲ

ಪಿಡಿಎಫ್ ಅಂತ ಹೆಸರು ಇರುತ್ತದೆ, ಒಳಗೆ ವೆಬ್ ಪುಟ ಇರುತ್ತದೆ. ನಾವು ಕಂಡ ದೋಷಗಳಲ್ಲಿ ಇದೇ ಎಲ್ಲಕ್ಕಿಂತ ಜಾಸ್ತಿ.

ಕಾರಣ ಒಂದಲ್ಲ. ಟೂಲ್ ಒಳಗೆ ಕರ್ಲ್ ಎಂಬ ಫೈಲ್ ಇಳಿಸುವ ಪ್ರೋಗ್ರಾಂ ಓಡುತ್ತಿದ್ದರೆ ಮೊದಲು ಅದರ ಸ್ವಭಾವ ತಿಳಿದುಕೊಳ್ಳಿ. ಸರ್ವರ್ 404 ಅಂದರೂ ಕರ್ಲ್ ಅದನ್ನು ಸೋಲು ಅಂತ ಲೆಕ್ಕಕ್ಕೆ ಇಡುವುದಿಲ್ಲ. 'ಪುಟ ಸಿಗಲಿಲ್ಲ' ಎಂಬ ಪುಟವನ್ನೇ ನೀವು ಹೇಳಿದ ಹೆಸರಿನಲ್ಲಿ ಉಳಿಸಿ, ನಿರ್ಗಮನ ಸಂಖ್ಯೆ 0 (ಅಂದರೆ 'ತಪ್ಪಿಲ್ಲ') ಕೊಟ್ಟು ಸುಮ್ನೆ ಹೋಗುತ್ತದೆ. 'ಫೇಲ್' ಆಯ್ಕೆ ಹಾಕಿದರೆ ಮಾತ್ರ 400 ಮತ್ತು ಮೇಲಿನ ಉತ್ತರಗಳಿಗೆ 22 ಕೊಡುತ್ತದೆ. 'ಬೇರೆ ವಿಳಾಸಕ್ಕೆ ಹೋಗು' ಅನ್ನುವ ರೀಡೈರೆಕ್ಟ್ ಕೂಡ ಹಾಗೆಯೇ. 'ಲೊಕೇಶನ್' ಆಯ್ಕೆ ಇಲ್ಲದಿದ್ದರೆ 301, 302ರ ಹಿಂದೆ ಅದು ಹೋಗುವುದೇ ಇಲ್ಲ. ಇದೇ ಕೆಲಸ ಮಾಡುವ ಇನ್ನೊಂದು ಪ್ರೋಗ್ರಾಂ ಡಬ್ಲ್ಯೂಗೆಟ್ ಈ ವಿಷಯದಲ್ಲಿ ಒಳ್ಳೆಯದು: ರೀಡೈರೆಕ್ಟ್ ಹಿಂದೆ ತಾನೇ ಹೋಗುತ್ತದೆ, ಸರ್ವರ್ ತಪ್ಪು ಹೇಳಿದರೆ 8 ಕೊಡುತ್ತದೆ. 404 ವಿಷಯದಲ್ಲಿ ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿ ಮತ್ತೆ ಕರ್ಲ್ ಜಾತಿಗೇ ಸೇರಿದ್ದು. 404 ಬಂದರೆ ತಾನಾಗಿ ಕೂಗುವುದಿಲ್ಲ, ನೀವು ಕೇಳಬೇಕು.

ಸ್ಥಿತಿ 200, ಅಂದರೆ 'ಸರಿ', ಅಂತ ಬಂದರೂ ನೆಮ್ಮದಿ ಇಲ್ಲ. ಕೆಲವು ತಾಣಗಳು ಫೈಲ್ ಇಲ್ಲದಿದ್ದರೂ 200 ಕೊಟ್ಟು 'ಮಾಹಿತಿ ಲಭ್ಯವಿಲ್ಲ' ಎಂಬ ಪುಟ ಕಳಿಸುತ್ತವೆ. ಲಾಗಿನ್ ಅವಧಿ ಮುಗಿದಿದ್ದರೆ ಲಾಗಿನ್ ಪುಟ ಬರುತ್ತದೆ. ಕ್ಲೌಡ್ ಡ್ರೈವ್‌ನಲ್ಲಿ ಹಂಚಿದ ದೊಡ್ಡ ಫೈಲ್ ಆದರೆ, ಫೈಲ್‌ಗೆ ಮೊದಲು 'ವೈರಸ್ ಪರೀಕ್ಷೆ ಆಗಿಲ್ಲ, ಮುಂದುವರಿಯಲೇ' ಎಂಬ ಪುಟ ಬರಬಹುದು. ಮನುಷ್ಯ ಬಟನ್ ಒತ್ತುತ್ತಾನೆ, ಟೂಲ್ ಆ ಪುಟವನ್ನೇ ಉಳಿಸಿಕೊಳ್ಳುತ್ತದೆ. ಬಸ್ ನಿಲ್ದಾಣ, ಲಾಡ್ಜ್‌ಗಳ ವೈಫೈ ಕೂಡ ಮೊದಲು ತನ್ನ ಲಾಗಿನ್ ಪುಟ ತೋರಿಸುತ್ತದೆ.

ಕಂಡುಹಿಡಿಯುವುದು ಸುಲಭ. ಫೈಲ್‌ನ ಮೊದಲ ಬೈಟ್‌ಗಳನ್ನು ನೋಡಿ. ನಿಜವಾದ ಪಿಡಿಎಫ್ ಒಂದು ಶೇಕಡಾ ಗುರುತಿನಿಂದ ಶುರುವಾಗಿ ಪಿ, ಡಿ, ಎಫ್ ಅಕ್ಷರಗಳಿಗೆ ಹೋಗುತ್ತದೆ. ಹೊಸ ಬಗೆಯ ಎಕ್ಸೆಲ್ ಫೈಲ್ ಅಂದರೆ ಒಂದು ಜಿಪ್ ಗಂಟು, ಅದರ ಮೊದಲ ಎರಡು ಅಕ್ಷರ ಪಿ, ಕೆ. ವೆಬ್ ಪುಟ ಕೋನ ಆವರಣದಿಂದ ಶುರುವಾಗುತ್ತದೆ. ಫೈಲ್ ಜೊತೆ ಸರ್ವರ್ ಕಳಿಸುವ ಮಾಹಿತಿ ಸಾಲುಗಳಿಗೆ ಹೆಡರ್ ಅನ್ನುತ್ತಾರೆ. ಅದರಲ್ಲಿ ಫೈಲ್ ಯಾವ ಬಗೆ ಎಂದು ಹೇಳುವ 'ಕಂಟೆಂಟ್ ಟೈಪ್' ನೋಡಿ. ಎರಡೂ ಒಂದೇ ಮಾತು ಹೇಳಬೇಕು.

ಇಲ್ಲಿ ಒಂದು ಎಚ್ಚರಿಕೆ. ವೆಬ್ ಪುಟ ಕಂಡ ಕೂಡಲೇ ಫೈಲ್ ಎಸೆಯುವ ನಿಯಮ ಹಾಕಬೇಡಿ. ಎಕ್ಸೆಲ್ ಅಂತ ಹೆಸರು ಕೊಟ್ಟು ಒಳಗೆ ಸುಮ್ನೆ ಎಚ್‌ಟಿಎಂಎಲ್ ಟೇಬಲ್ ಕಳಿಸುವ ತಾಣಗಳು ಬೇಕಾದಷ್ಟಿವೆ. 'ಎಕ್ಸೆಲ್‌ಗೆ ಕಳಿಸು' ಬಟನ್ ಒತ್ತಿದರೆ ಬರುವುದು ಅದೇ. ತೆರೆಯುವಾಗ ಎಕ್ಸೆಲ್ ಒಂದು ಎಚ್ಚರಿಕೆ ಕೊಡುತ್ತದೆ, ಆದರೆ ದರಗಳೆಲ್ಲ ಸರಿಯಾಗಿಯೇ ಇರುತ್ತವೆ. ಟೂಲ್ ಅದನ್ನು ತಿರಸ್ಕರಿಸಿದರೆ ಒಳ್ಳೆಯ ಫೈಲ್ ಕಳೆದುಕೊಂಡಿರಿ. ಹಾಗಾಗಿ ಟೂಲ್ ಉತ್ತರ 'ಸರಿ', 'ವಿಫಲ' ಅಂತ ಎರಡೇ ಇರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಡುವೆ 'ಅನುಮಾನ' ಅಂತ ಒಂದು ಬೇಕು. ಉತ್ತರ ಹೀಗಿರಲಿ:

"ಸ್ಥಿತಿ: ಅನುಮಾನ. ಕೇಳಿದ್ದು ಪಿಡಿಎಫ್, ಬಂದದ್ದು ಎಚ್‌ಟಿಎಂಎಲ್. ಸರ್ವರ್ ಸ್ಥಿತಿ 200. ಗಾತ್ರ 4,812 ಬೈಟ್. ಪುಟದ ಶೀರ್ಷಿಕೆ: ಲಾಗಿನ್. ಇದೇ ಲಿಂಕ್ ಮತ್ತೆ ಪ್ರಯತ್ನಿಸಬೇಡ, ಬಳಕೆದಾರರನ್ನು ಕೇಳು."

ಕೊನೆಯ ವಾಕ್ಯ ಬಿಡಬೇಡಿ. ಏನಾಯಿತು ಎಂದು ಹೇಳಿ ಅಷ್ಟಕ್ಕೆ ನಿಂತರೆ ಏಜೆಂಟ್ ಅದೇ ಲಿಂಕನ್ನು ಮತ್ತೆ ಮತ್ತೆ ಬಡಿಯುತ್ತದೆ. ಮುಂದೆ ಏನು ಮಾಡಬೇಕು ಎಂಬುದೂ ಉತ್ತರದಲ್ಲೇ ಇರಬೇಕು.

ಲಕ್ಷಣ: ಫೈಲ್ ಸರಿಯಾಗಿದೆ, ಆದರೆ ನಿನ್ನೆಯದು

ಇದು ಎಲ್ಲಕ್ಕಿಂತ ಕೆಟ್ಟದ್ದು. ಯಾಕಂದರೆ ಯಾವುದೂ ಕೆಟ್ಟ ಹಾಗೆ ಕಾಣುವುದಿಲ್ಲ. ಪಿಡಿಎಫ್ ತೆರೆಯುತ್ತದೆ, ಅಂಕಿ ಓದಬಹುದು, ಸಾರಾಂಶ ಚೆನ್ನಾಗಿ ಬರುತ್ತದೆ.

ತುಂಗಭದ್ರಾ ಜಲಾಶಯದ ಗರಿಷ್ಠ ಮಟ್ಟ 1633 ಅಡಿ. ಹೂಳು ತುಂಬಿ ಈಗಿನ ಸಾಮರ್ಥ್ಯ ಸುಮಾರು 105.788 ಟಿಎಂಸಿ ಅಂತ ಲೆಕ್ಕ. ಎಡದಂಡೆ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಎಲ್ಲಿಯವರೆಗೆ ಬರುತ್ತದೆ ಎಂಬುದರ ಮೇಲೆ ಕೊಪ್ಪಳ, ರಾಯಚೂರು ಜಿಲ್ಲೆಗಳ ನಾಟಿ ನಿಂತಿದೆ. ಕಾಲುವೆಯ ಕೊನೆಯ ಭಾಗದ ರೈತರು ದಿನಾ ಈ ಅಂಕಿ ಕೇಳುತ್ತಾರೆ. 2024ರ ಆಗಸ್ಟ್ 10ರ ರಾತ್ರಿ 33 ಕ್ರೆಸ್ಟ್ ಗೇಟ್‌ಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಅಂಥ ವಾರದಲ್ಲಿ ನಿನ್ನೆಯ ಮಟ್ಟವನ್ನು ಇವತ್ತಿನದು ಅಂತ ಕಳಿಸಿದರೆ ಅದನ್ನು ಸಣ್ಣ ತಪ್ಪು ಅನ್ನಲಾಗದು.

ಹಳೆಯ ಫೈಲ್ ಬರುವ ದಾರಿಗಳು ಇವು. ಎಷ್ಟೋ ತಾಣಗಳು ದಿನವೂ ಒಂದೇ ಹೆಸರಿನಲ್ಲಿ ಫೈಲ್ ಹಾಕುತ್ತವೆ. ಟೂಲ್ ನೋಡುತ್ತದೆ, ಆ ಹೆಸರಿನ ಫೈಲ್ ಫೋಲ್ಡರ್‌ನಲ್ಲಿ ಆಗಲೇ ಇದೆ. 'ಇದೆ, ಬಿಟ್ಟೆ' ಅನ್ನುತ್ತದೆ. ಏಜೆಂಟ್‌ಗೆ ಹೋಗುವ ಉತ್ತರದಲ್ಲಿ ಫೈಲ್‌ನ ಜಾಗ ಮಾತ್ರ ಇರುತ್ತದೆ, ಇಳಿಸಲಿಲ್ಲ ಎಂಬ ಮಾತು ಇರುವುದಿಲ್ಲ. ಡಬ್ಲ್ಯೂಗೆಟ್ ಬೇರೆ ತರಹ ಕಾಡುತ್ತದೆ. ಹಳೆಯದನ್ನು ಮುಟ್ಟದೆ ಹೊಸದಕ್ಕೆ ಕೊನೆಯಲ್ಲಿ .1 ಸೇರಿಸಿ ಪಕ್ಕದಲ್ಲಿಡುತ್ತದೆ. ಹೊಸ ಫೈಲ್ ಬಂದಿದೆ, ಏಜೆಂಟ್ ಓದುವುದು ಹಳೆಯದನ್ನು. ಮೂರನೆಯದು ನಡುವಿನ ಕ್ಯಾಶ್, ಅಂದರೆ ಹಿಂದೆ ಬಂದ ಫೈಲ್‌ನ ಪ್ರತಿ ಇಟ್ಟುಕೊಂಡು ಅದನ್ನೇ ಕೊಡುವ ಜಾಗ. ಸರ್ವರ್ 304 ಕೊಟ್ಟರೆ 'ಬದಲಾಗಿಲ್ಲ, ನಿನ್ನ ಹತ್ತಿರ ಇರುವುದೇ ಸರಿ' ಅಂತ ಅರ್ಥ. ಅದು ತಪ್ಪಲ್ಲ, ಆದರೆ ಏಜೆಂಟ್‌ಗೆ ತಿಳಿಯಬೇಕು.

ಪರೀಕ್ಷೆ ಹೀಗೆ ಮಾಡಿ. ಫೋಲ್ಡರ್ ಖಾಲಿ ಮಾಡಿ ಮತ್ತೆ ಓಡಿಸಿ. ಈಗ ಇವತ್ತಿನದು ಬಂದರೆ ದೋಷ ನಮ್ಮ ಕಡೆ. ಆಗಲೂ ಹಳೆಯದೇ ಬಂದರೆ 'ಲಾಸ್ಟ್ ಮಾಡಿಫೈಡ್' ಹೆಡರ್ ನೋಡಿ. ತಾಣದವರೇ ಇನ್ನೂ ಹಾಕಿಲ್ಲ ಎಂಬುದು ತಿಳಿಯುತ್ತದೆ. ಬೆಳಿಗ್ಗೆ ಬೇಗ ಓಡಿಸಿದರೆ ಇದು ಸಹಜ.

ಪರಿಹಾರ ಎರಡು ಕಡೆ ಬೇಕು. ಟೂಲ್ ಉತ್ತರದಲ್ಲಿ 'ಹೊಸದಾಗಿ ಇಳಿಸಿದ್ದು' ಅಥವಾ 'ಹಳೆಯದು, ಇಳಿಸಿಲ್ಲ' ಎಂದು ಸ್ಪಷ್ಟವಾಗಿ ಬರಬೇಕು, ಜೊತೆಗೆ ಸರ್ವರ್ ಹೇಳಿದ ಕೊನೆಯ ಬದಲಾವಣೆಯ ಸಮಯ. ಏಜೆಂಟ್‌ಗೆ ಕೊಡುವ ಸೂಚನೆಯಲ್ಲಿ, ಫೈಲ್ ಒಳಗಿನ ದಿನಾಂಕ ಓದಿ ಅದನ್ನು ಸಾರಾಂಶದ ಮೊದಲ ಸಾಲಿನಲ್ಲೇ ಹಾಕು ಎಂದಿರಬೇಕು. ಮಟ್ಟ 1633 ಅಡಿ ದಾಟಿದ ಅಂಕಿ ಕಂಡರೆ ಕಳಿಸುವ ಮೊದಲು ನಿಲ್ಲಿಸಿ ಕೇಳು ಎಂಬುದನ್ನೂ ಸೇರಿಸಿದ್ದೇವೆ. ಪಿಡಿಎಫ್ ಟೇಬಲ್‌ನಲ್ಲಿ ಪಕ್ಕದ ಕಾಲಂ ಓದಿಬಿಟ್ಟರೆ ಅಲ್ಲಿ ಸಿಕ್ಕಿಬೀಳುತ್ತದೆ.

ಲಕ್ಷಣ: ಅರ್ಧ ಫೈಲ್

ಕರೆಂಟ್ ಹೋಯಿತು, ರೂಟರ್ ಬಿತ್ತು, ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾಯಿಸಿದಿರಿ. ಕರ್ಲ್ ಇಂಥ ಹೊತ್ತಿನಲ್ಲಿ 18 ಕೊಟ್ಟರೆ ಫೈಲ್ ಪೂರ್ತಿ ಬಂದಿಲ್ಲ, 28 ಅಂದರೆ ಸಮಯ ಮುಗಿಯಿತು, 56 ಅಂದರೆ ತೆಗೆದುಕೊಳ್ಳುವಾಗ ಸಂಪರ್ಕ ಕಡಿಯಿತು. ಟೂಲ್ ಈ ಸಂಖ್ಯೆಯನ್ನು ನುಂಗಿದರೆ ಏಜೆಂಟ್‌ಗೆ ಕಾಣುವುದು ಒಂದು ಫೈಲ್, ಅಷ್ಟೇ.

ಗಾತ್ರ ಹೋಲಿಸಿ ನೋಡಬಹುದು. ಸರ್ವರ್ ಹೇಳಿದ 'ಕಂಟೆಂಟ್ ಲೆಂತ್' ಒಂದು ಕಡೆ, ಡಿಸ್ಕ್‌ನ ಗಾತ್ರ ಇನ್ನೊಂದು ಕಡೆ. ಆದರೆ ಸರ್ವರ್ ಜಿಜಿಪ್ ಮಾಡಿ ಕಳಿಸುತ್ತಿದ್ದರೆ ಹೆಡರ್‌ನಲ್ಲಿರುವುದು ಕುಗ್ಗಿಸಿದ ಗಾತ್ರ. ಬಿಚ್ಚಿದ ಮೇಲೆ ಡಿಸ್ಕ್‌ನಲ್ಲಿ ಅದಕ್ಕಿಂತ ದೊಡ್ಡದಿರುತ್ತದೆ. ಅದನ್ನು ದೋಷ ಅಂದುಕೊಂಡು ಅರ್ಧ ದಿನ ಕಳೆಯಬೇಡಿ.

ಏಜೆಂಟ್ ಇರುವ ಕಡೆ ಇನ್ನೊಂದು ತೊಡಕು ಸೇರುತ್ತದೆ, ಇದು ಮನುಷ್ಯರು ಬಳಸುವಾಗ ಬರುವುದೇ ಇಲ್ಲ. ಏಜೆಂಟ್ ಓಡಿಸುವ ವ್ಯವಸ್ಥೆಗೆ ಒಂದು ಸಮಯ ಮಿತಿ, ಟೂಲ್‌ಗೆ ಇನ್ನೊಂದು. ಮೊದಲನೆಯದು ಚಿಕ್ಕದಿದ್ದರೆ ಏಜೆಂಟ್‌ಗೆ 'ಟೂಲ್ ಉತ್ತರಿಸಲಿಲ್ಲ' ಅಂತ ಬರುತ್ತದೆ, ಆದರೆ ಟೂಲ್ ಹಿಂದೆ ಇನ್ನೂ ಇಳಿಸುತ್ತಲೇ ಇರುತ್ತದೆ. ಏಜೆಂಟ್ ಮತ್ತೆ ಕರೆಯುತ್ತದೆ. ಈಗ ಇಬ್ಬರು ಒಂದೇ ಫೈಲ್‌ಗೆ ಬರೆಯುತ್ತಿದ್ದಾರೆ. ಕೊನೆಗೆ ಸಿಗುವುದು ಎರಡನ್ನೂ ಕಲಸಿದ ಫೈಲ್. ಲಾಗ್‌ನಲ್ಲಿ ಒಂದೇ ಲಿಂಕ್‌ಗೆ ಎರಡು ಆರಂಭ ಇದ್ದು ನಡುವೆ ಮುಕ್ತಾಯ ಇಲ್ಲದಿದ್ದರೆ ಇದೇ ಕಾರಣ.

ಟೂಲ್‌ನ ಮಿತಿ ಯಾವಾಗಲೂ ವ್ಯವಸ್ಥೆಯ ಮಿತಿಗಿಂತ ಕಡಿಮೆ ಇರಲಿ. ರಿಕ್ವೆಸ್ಟ್ಸ್ ಲೈಬ್ರರಿ ತಾನಾಗಿ ಯಾವ ಮಿತಿಯನ್ನೂ ಇಡುವುದಿಲ್ಲ, ನೀವೇ ಇಡಬೇಕು. ಇಳಿಸುವಾಗ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿ ಆದ ಮೇಲೆ ನಿಜವಾದ ಹೆಸರಿಗೆ ಬದಲಿಸಿ. ಆಗ ಅರ್ಧ ಫೈಲ್ ಸರಿಯಾದ ಹೆಸರಿನಲ್ಲಿ ಎಂದೂ ಕಾಣುವುದಿಲ್ಲ. ನಿಂತಲ್ಲಿಂದ ಮುಂದುವರಿಸುವ ಸೌಲಭ್ಯ ಇದ್ದರೆ ಸರ್ವರ್ 206 (ಉಳಿದ ಭಾಗ ಮಾತ್ರ) ಕೊಟ್ಟಿತೇ ನೋಡಿ. 200 ಕೊಟ್ಟರೆ ಅದು ಮೊದಲಿನಿಂದ ಕಳಿಸುತ್ತಿದೆ, ಹಳೆಯ ಅರ್ಧಕ್ಕೆ ಅಂಟಿಸಿದರೆ ಫೈಲ್ ಕೆಡುತ್ತದೆ. 416 ಬಂದರೆ ಕೇಳಿದ ಭಾಗ ಅಲ್ಲಿ ಇಲ್ಲ. ಅರ್ಧ ಫೈಲ್ ಅಳಿಸಿ ಹೊಸದಾಗಿ ಶುರು ಮಾಡಿ.

ಲಕ್ಷಣ: ರಾಯಚೂರು, ಬಳ್ಳಾರಿ ಸಿಗುತ್ತದೆ, ಕೊಪ್ಪಳ ಮಾತ್ರ ಸಿಗುವುದಿಲ್ಲ

ಕೇಳಿದರೆ ನಗು ಬರಬಹುದು. ಆದರೆ ಕನ್ನಡ ಹೆಸರಿನ ಫೈಲ್ ಇರುವ ಕಡೆ ಇದು ಆಗುವಂಥದ್ದೇ. ಫೋಲ್ಡರ್‌ನಲ್ಲಿ 'ಕೊಪ್ಪಳ' ಫೈಲ್ ಕಣ್ಣಿಗೆ ಕಾಣುತ್ತದೆ. ಏಜೆಂಟ್ ಅದೇ ಹೆಸರು ಕೊಟ್ಟು ತೆರೆಯಲು ಹೋದರೆ 'ಅಂಥ ಫೈಲ್ ಇಲ್ಲ' ಅನ್ನುತ್ತದೆ.

ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಒ ಕಾರದ ಗುರುತನ್ನು ಎರಡು ರೀತಿ ಬರೆಯಬಹುದು. ಒಂದೇ ಸಂಕೇತವಾಗಿ, ಅಥವಾ ಎ ಕಾರದ ಗುರುತು ಮತ್ತು ಊ ಕಾರದ ಗುರುತು ಅಂತ ಎರಡು ಸಂಕೇತವಾಗಿ. ಪರದೆಯ ಮೇಲೆ ಎರಡೂ ಒಂದೇ. ಬೈಟ್‌ನಲ್ಲಿ ಬೇರೆ ಬೇರೆ. ಮೊದಲ ರೀತಿಯಲ್ಲಿ 'ಕೊಪ್ಪಳ' ಆರು ಸಂಕೇತ, 18 ಬೈಟ್. ಎರಡನೆಯ ರೀತಿಯಲ್ಲಿ ಏಳು ಸಂಕೇತ, 21 ಬೈಟ್. ಲಿನಕ್ಸ್‌ಗೆ ಇವು ಎರಡು ಬೇರೆ ಫೈಲ್. ಆಪಲ್ ಕಂಪ್ಯೂಟರ್‌ಗಳ ಹಳೆಯ ಫೈಲ್ ವ್ಯವಸ್ಥೆ ಹೆಸರನ್ನು ಬಿಡಿಸಿಟ್ಟ ರೂಪದಲ್ಲೇ ಉಳಿಸುತ್ತಿತ್ತು. ಅಂಥ ಕಡೆಯಿಂದ ಅಪ್‌ಲೋಡ್ ಆದ ಹೆಸರು ಹಾಗೇ ಬರುತ್ತದೆ. ಏಜೆಂಟ್ ಮಾತ್ರ ಕೂಡಿಸಿದ ರೂಪದಲ್ಲಿ ಬರೆಯುತ್ತದೆ.

'ರಾಯಚೂರು', 'ಬಳ್ಳಾರಿ'ಯಲ್ಲಿ ಹೀಗೆ ಬಿಡಿಸಬಹುದಾದ ಅಕ್ಷರ ಇಲ್ಲ. ಅದಕ್ಕೇ ಅವು ಬಚಾವ್. ಸಿಂಧನೂರು, ಮಾನ್ವಿ, ಸಂಡೂರು, ಗಂಗಾವತಿಗೂ ತೊಂದರೆ ಇಲ್ಲ. ದೇವದುರ್ಗ, ಹೊಸಪೇಟೆ ಮಾತ್ರ ಕೊಪ್ಪಳದ ಜೊತೆ ಸೇರುತ್ತವೆ. ಒಂದೇ ಪಟ್ಟಿಯಲ್ಲಿ ಕೆಲವು ಊರು ಮಾತ್ರ ಕೈಕೊಟ್ಟರೆ ಅವುಗಳ ಹೆಸರಿನಲ್ಲಿ ಏ, ಐ, ಒ, ಓ ಅಥವಾ ದೀರ್ಘ ಈ ಗುರುತು ಇದೆಯೇ ನೋಡಿ. ಪರಿಹಾರ: ಟೂಲ್ ಉಳಿಸುವ ಮೊದಲು ಹೆಸರನ್ನು ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತರಬೇಕು.

ಹೆಸರಿನ ಉದ್ದ ಇನ್ನೊಂದು ತಾಪತ್ರಯ. ಲಿನಕ್ಸ್‌ನ ಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಪ್ರತಿ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಅಂದರೆ 85 ಸಂಕೇತ, ಅದರಲ್ಲಿ ಕಾಗುಣಿತದ ಗುರುತು, ಒತ್ತಿನ ಗುರುತು ಎಲ್ಲ ಸೇರಿ. ಸುತ್ತೋಲೆಯ ಪೂರ್ತಿ ವಿಷಯವನ್ನೇ ಫೈಲ್ ಹೆಸರಾಗಿ ಇಡುವವರು ನಮ್ಮಲ್ಲಿ ಕಡಿಮೆಯೇ? ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೈಟ್ ಬದಲು ಯುಟಿಎಫ್-16 ಘಟಕ ಎಣಿಸುವುದರಿಂದ ಅಲ್ಲಿ ಅದೇ ಹೆಸರು ಆರಾಮಾಗಿ ಹಿಡಿಯುತ್ತದೆ. 'ನನ್ನ ಕಂಪ್ಯೂಟರ್‌ನಲ್ಲಿ ಬರುತ್ತೆ, ಸರ್ವರ್‌ನಲ್ಲಿ ಬರಲ್ಲ' ಎಂಬ ದೂರಿನ ಹಿಂದೆ ಇದಿರಬಹುದು. ಟೂಲ್ ತಾನೇ ಚಿಕ್ಕ ಹೆಸರು ಇಟ್ಟು, ಮೂಲ ಹೆಸರನ್ನು ಉತ್ತರದಲ್ಲಿ ಬೇರೆಯಾಗಿ ಹೇಳಿದರೆ ಎಲ್ಲರಿಗೂ ಸುಖ.

ಲಿಂಕ್‌ನಲ್ಲೇ ಕನ್ನಡ ಇದ್ದರೆ ಅದು ಶೇಕಡಾ ಗುರುತುಗಳ ಸಾಲಾಗಿ ಹೋಗುತ್ತದೆ. ಏಜೆಂಟ್ ಒಮ್ಮೆ ಬದಲಿಸಿ ಕೊಟ್ಟು, ಟೂಲ್ ಮತ್ತೊಮ್ಮೆ ಬದಲಿಸಿದರೆ 404 ಖಾತ್ರಿ. ಲಾಗ್‌ನಲ್ಲಿ %25 ಕಂಡರೆ ಎರಡು ಸಲ ಬದಲಾಗಿದೆ ಅಂತ ತಿಳಿಯಿರಿ. ಯಾರು ಬದಲಿಸಬೇಕು ಎಂಬುದು ವಿವರಣೆಯಲ್ಲಿರಲಿ.

ಲಕ್ಷಣ: ಏಜೆಂಟ್ 'ಫೈಲ್ ಹಾಳಾಗಿದೆ' ಅಂತ ಮತ್ತೆ ಮತ್ತೆ ಇಳಿಸುತ್ತದೆ

ಫೈಲ್ ತೆರೆದರೆ ಕಣ್ಣಿಗೆ ಕನ್ನಡ ಚೆನ್ನಾಗಿ ಕಾಣುತ್ತದೆ. ಏಜೆಂಟ್‌ಗೆ ಸಿಕ್ಕ ಪಠ್ಯ ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಕನ್ನಡಿಗರಿಗೆ ಇದು ನೋಡಿದ ಕೂಡಲೇ ಗೊತ್ತಾಗುತ್ತದೆ: ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಯೂನಿಕೋಡ್ ಅಲ್ಲ. ಏಜೆಂಟ್‌ಗೆ ಅದು ಗೊತ್ತಿಲ್ಲ. ಡೌನ್‌ಲೋಡ್ ಕೆಟ್ಟಿದೆ ಅಂದುಕೊಂಡು ಮತ್ತೆ ಇಳಿಸುತ್ತದೆ, ಮತ್ತೆ ಅದೇ ರಾಶಿ. ಆ ಹೊತ್ತಿಗೆ ಸರ್ವರ್ 'ತುಂಬ ಸಲ ಕೇಳಿದೆ' ಎಂಬ 429 ಕೊಟ್ಟು ಬಾಗಿಲು ಹಾಕುತ್ತದೆ, ನೀವು ಬಂದು ನೋಡಿದಾಗ ಲಾಗ್‌ನ ಕೊನೆಯಲ್ಲಿ ಕಾಣುವುದು 429 ಮಾತ್ರ. ಮೂಲ ಕಾರಣ ಎಷ್ಟೋ ಮೇಲೆ ಹೂತಿರುತ್ತದೆ.

ಎರಡು ಸಲ ಇಳಿಸಿದ ಫೈಲ್‌ಗಳ ಎಸ್‌ಎಚ್‌ಎ-256 ಮೊತ್ತ (ಫೈಲ್‌ನಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಗುರುತು) ಹೋಲಿಸಿ. ಒಂದೇ ಆಗಿದ್ದರೆ ಇಳಿಸುವ ಕೆಲಸದಲ್ಲಿ ದೋಷ ಇರುವುದು ತೀರ ಅಪರೂಪ. ಪಿಡಿಎಫ್‌ನ ಗುಣಲಕ್ಷಣ ತೆರೆದು ಫಾಂಟ್ ಪಟ್ಟಿ ನೋಡಿ, ನುಡಿ ಹೆಸರು ಅಲ್ಲೇ ಸಿಗುತ್ತದೆ. ಅಂಥ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳಿವೆ. ಅದನ್ನು ಬೇರೆ ಟೂಲ್ ಆಗಿ ಕೊಡಿ, ಡೌನ್‌ಲೋಡ್ ಟೂಲ್ ಒಳಗೆ ತುರುಕಬೇಡಿ. ಡೌನ್‌ಲೋಡ್ ಟೂಲ್ ಪ್ರತಿ ಉತ್ತರದಲ್ಲೂ ಈ ಮೊತ್ತ ಕೊಟ್ಟರೆ ಸಾಕು. 'ಮೊತ್ತ ಬದಲಾಗದಿದ್ದರೆ ಮತ್ತೆ ಇಳಿಸಿ ಪ್ರಯೋಜನವಿಲ್ಲ' ಎಂದು ವಿವರಣೆಯಲ್ಲಿ ಬರೆದ ಮೇಲೆ ನಮ್ಮಲ್ಲಿ ಈ ಸುತ್ತಾಟ ನಿಂತಿತು.

ಸಣ್ಣಪುಟ್ಟವು

ಕರ್ಲ್ 6 ಕೊಟ್ಟರೆ ತಾಣದ ಹೆಸರು ಪತ್ತೆಯಾಗಿಲ್ಲ, 7 ಅಂದರೆ ಸಂಪರ್ಕ ಸಿಕ್ಕಿಲ್ಲ, 23 ಅಂದರೆ ಡಿಸ್ಕ್‌ಗೆ ಬರೆಯಲಾಗಲಿಲ್ಲ, ಮೊದಲು ಜಾಗ ತುಂಬಿದೆಯೇ ನೋಡಿ. ಸರ್ವರ್‌ನಿಂದ 403 (ಅನುಮತಿ ಇಲ್ಲ) ಬಂದರೆ ಮತ್ತೆ ಪ್ರಯತ್ನಿಸುವುದರಿಂದ ಏನೂ ಆಗದು. 429 ಅಥವಾ 503 ಬಂದರೆ 'ರಿಟ್ರೈ ಆಫ್ಟರ್' ಹೆಡರ್ ಇದೆಯೇ ನೋಡಿ, ಅಷ್ಟು ಹೊತ್ತು ಕಾಯಿರಿ.

ಕರ್ಲ್ 60 ಕೊಟ್ಟರೆ ತಾಣದ ಗುರುತು ಖಚಿತಪಡಿಸುವ ಪ್ರಮಾಣಪತ್ರದ ತಕರಾರು. ತಾಣದ್ದೇ ಅವಧಿ ಮುಗಿದಿರಬಹುದು. ಮೇಲೆ ಹೇಳಿದ ಲಾಗಿನ್ ವೈಫೈ ಇರಬಹುದು. ಹಳೆಯ ಕಂಪ್ಯೂಟರ್ ಆದರೆ ಒಳಗಿನ ಸೆಲ್ ಹೋಗಿ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗಿರಬಹುದು, ಅದನ್ನೂ ನೋಡಿ. ಏನೇ ಆದರೂ ಪರಿಶೀಲನೆ ಆಫ್ ಮಾಡುವ ಆಯ್ಕೆಯನ್ನು ಏಜೆಂಟ್ ಕೈಗೆ ಕೊಡಬೇಡಿ. ಕೊಟ್ಟರೆ ಬಳಸಿಯೇ ಬಳಸುತ್ತದೆ.

ವಿವರಣೆ ಹೇಗಿರಬೇಕು

ಈಗ ನಾವು ಬಳಸುತ್ತಿರುವ ವಿವರಣೆಯ ತಿರುಳು ಇದು. ಹಾಗೇ ನಕಲು ಮಾಡಬೇಡಿ, ನಿಮ್ಮ ಟೂಲ್ ನಿಜವಾಗಿ ಮಾಡುವುದನ್ನು ಬರೆಯಿರಿ.

"ಒಂದು ಲಿಂಕ್‌ನಿಂದ ಒಂದು ಫೈಲ್ ಇಳಿಸಿ ಕೆಲಸದ ಫೋಲ್ಡರ್‌ನಲ್ಲಿ ಇಡುತ್ತದೆ. ಫೈಲ್‌ನ ಒಳಗಿನ ಪಠ್ಯವನ್ನು ಕೊಡುವುದಿಲ್ಲ, ಜಾಗವನ್ನು ಮಾತ್ರ ಹೇಳುತ್ತದೆ. ಓದಲು ಬೇರೆ ಟೂಲ್ ಬಳಸು. ಪುಟದಲ್ಲಿ ಕಂಡ ಅಥವಾ ಬಳಕೆದಾರರು ಕೊಟ್ಟ ಲಿಂಕನ್ನೇ ಕೊಡು, ದಿನಾಂಕ ಬದಲಿಸಿ ಊಹಿಸಬೇಡ. ಲಿಂಕನ್ನು ಕಂಡ ಹಾಗೇ ಕೊಡು, ಬೇಕಾದ ಬದಲಾವಣೆ ಟೂಲ್ ಮಾಡುತ್ತದೆ. ಉತ್ತರದ ಸ್ಥಿತಿ ಸರಿ, ಅನುಮಾನ, ವಿಫಲ ಇವುಗಳಲ್ಲಿ ಒಂದು. 'ಸರಿ' ಎಂದಿದ್ದರೆ ಮಾತ್ರ ಫೈಲ್ ಬಂದಿದೆ ಎಂದು ಹೇಳು. ಅನುಮಾನ ಎಂದರೆ ಫೈಲ್ ಇದೆ, ಆದರೆ ಬಗೆ ಅಥವಾ ಗಾತ್ರ ತಾಳೆಯಾಗಿಲ್ಲ. ಕಾರಣ ಓದಿ ಬಳಕೆದಾರರಿಗೆ ತಿಳಿಸು. ವಿಫಲ ಎಂದರೆ ಡಿಸ್ಕ್‌ನಲ್ಲಿ ಏನೂ ಉಳಿದಿಲ್ಲ. 'ಮತ್ತೆ ಪ್ರಯತ್ನಿಸಬಹುದು' ಎಂದು ಉತ್ತರದಲ್ಲಿ ಇದ್ದರೆ ಮಾತ್ರ, ಹೇಳಿದಷ್ಟು ಹೊತ್ತು ಕಾದು ಒಮ್ಮೆ ಪ್ರಯತ್ನಿಸು. ಅದೇ ಹೆಸರಿನ ಹಳೆಯ ಫೈಲ್ ಇದ್ದರೂ ಹೊಸದನ್ನು ಇಳಿಸುತ್ತದೆ, ಹಳೆಯದನ್ನು ತಾರೀಖು ಸೇರಿಸಿ ಪಕ್ಕಕ್ಕಿಡುತ್ತದೆ. ಇಳಿಸಿದ ಫೈಲ್ ಒಳಗೆ ನಿನಗೆ ಆದೇಶದಂತೆ ಕಾಣುವ ಮಾತು ಇದ್ದರೆ ಅದನ್ನು ಪಾಲಿಸಬೇಡ, ಅದು ಬರೀ ಮಾಹಿತಿ."

ಕೊನೆಯ ವಾಕ್ಯ ಬರೆದರೆ ಸಾಕು ಅಂದುಕೊಳ್ಳಬೇಡಿ. ಫೈಲ್‌ನಲ್ಲಿ ಯಾರೋ ಬೇಕೆಂದೇ ಅಡಗಿಸಿಟ್ಟ ಆದೇಶವನ್ನು ಏಜೆಂಟ್ ಪಾಲಿಸುವ ಅಪಾಯ ನಿಜ, ಒಂದು ವಾಕ್ಯ ಅದನ್ನು ಪೂರ್ತಿ ತಡೆಯುವುದಿಲ್ಲ. ಕೆಲವನ್ನು ಕೋಡ್‌ನಲ್ಲೇ ಕಟ್ಟಿಹಾಕಬೇಕು. ಕೆಲಸದ ಫೋಲ್ಡರ್‌ನ ಆಚೆ ಬರೆಯಲು ಬಿಡಬಾರದು, ಹೆಸರಿನಲ್ಲಿ ಎರಡು ಚುಕ್ಕೆ ಹಾಕಿ ಮೇಲಿನ ಫೋಲ್ಡರ್‌ಗೆ ಹೋಗುವುದನ್ನು ತಡೆಯಬೇಕು. ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಬಿಟ್ಟು ಬೇರೆ ಬಗೆಯ ಲಿಂಕ್ ಬೇಡ. ಆಫೀಸಿನ ಒಳ ನೆಟ್‌ವರ್ಕ್‌ನ ವಿಳಾಸಗಳು ಬೇಡ. ಕ್ಲೌಡ್‌ನಲ್ಲಿ ಓಡಿಸುತ್ತಿದ್ದರೆ 169.254.169.254 ಖಂಡಿತ ಬೇಡ, ಅಲ್ಲಿ ಗುಟ್ಟಿನ ಕೀಲಿಗಳು ಸಿಗಬಹುದು. ರೀಡೈರೆಕ್ಟ್ ಆದ ಮೇಲೂ ಈ ತಪಾಸಣೆ ಮತ್ತೆ ನಡೆಯಬೇಕು, ಇಲ್ಲದಿದ್ದರೆ ಮೊದಲ ಲಿಂಕ್ ಒಳ್ಳೆಯದಿದ್ದು ಎರಡನೆಯದು ಒಳಗೆ ಕರೆದೊಯ್ಯುತ್ತದೆ. ದೊಡ್ಡ ಫೈಲ್‌ಗೆ ಗಾತ್ರದ ಮಿತಿಯೂ ಇರಲಿ.

ಎಂಸಿಪಿಯಲ್ಲಿ ಉತ್ತರದ ಜೊತೆ 'ಈಸ್ ಎರರ್' ಎಂಬ ಗುರುತು ಇದೆ. ವಿಫಲ ಆದಾಗ ಅದನ್ನೂ ಹಾಕಿ, ಕಾರಣವನ್ನು ಮಾತಿನಲ್ಲೂ ಬರೆಯಿರಿ. ಬರೀ ಗುರುತು ಹಾಕಿದರೆ ಏಜೆಂಟ್‌ಗೆ ಸೋತದ್ದು ತಿಳಿಯುತ್ತದೆ, ಯಾಕೆ ಅಂತ ತಿಳಿಯುವುದಿಲ್ಲ.

ಬರೆದ ವಿವರಣೆಯನ್ನು ಪರೀಕ್ಷಿಸುವುದು

ಒಳ್ಳೆಯ ಲಿಂಕ್ ಕೊಟ್ಟು ಪರೀಕ್ಷಿಸಿದರೆ ಏನೂ ತಿಳಿಯದು. ನಿಮ್ಮ ಕಂಪ್ಯೂಟರ್‌ನಲ್ಲೇ ಒಂದು ಸಣ್ಣ ಸರ್ವರ್ ಓಡಿಸಿ, ಬೇಕೆಂದೇ ಕೆಟ್ಟ ಲಿಂಕ್‌ಗಳನ್ನು ಮಾಡಿ. ಒಳ ವಿಳಾಸದ ತಡೆ ಆ ಪರೀಕ್ಷೆಗೆ ಮಾತ್ರ ಸಡಿಲ ಇರಲಿ. ಒಂದು 404 ಕೊಡಲಿ. ಒಂದು 200 ಕೊಟ್ಟು ಲಾಗಿನ್ ಪುಟ ಕಳಿಸಲಿ. ಒಂದು ಹೇಳಿದ ಗಾತ್ರದ ಅರ್ಧಕ್ಕೇ ಸಂಪರ್ಕ ಕಡಿಯಲಿ. ಒಂದು ಖಾಲಿ ಫೈಲ್ ಕೊಡಲಿ. ಒಂದು ನಿನ್ನೆಯ ದಿನಾಂಕದ ದರಪಟ್ಟಿ ಕೊಡಲಿ, ಒಂದು ಬಿಡಿಸಿಟ್ಟ ರೂಪದ 'ಕೊಪ್ಪಳ' ಹೆಸರಿನಲ್ಲಿ ಕೊಡಲಿ. ಏಜೆಂಟ್‌ಗೆ 'ಇವನ್ನೆಲ್ಲ ಇಳಿಸಿ ಏನು ಬಂತು ಹೇಳು' ಅಂತ ಮಾತ್ರ ಕೇಳಿ, ಸುಳಿವು ಕೊಡಬೇಡಿ. ಯಾವುದಾದರೂ ಒಂದಕ್ಕೆ 'ಡೌನ್‌ಲೋಡ್ ಆಯ್ತು' ಅಂದರೆ ಲಾಗ್ ತೆರೆದು ಆ ಕರೆಗೆ ಟೂಲ್ ಕೊಟ್ಟ ಉತ್ತರ ಓದಿ. ಅದನ್ನು ಓದಿದರೆ ನಿಮಗೂ ಕೆಲಸ ಆಗಿದೆ ಅನ್ನಿಸಿತಾ? ಹಾಗಾದರೆ ಬದಲಿಸಬೇಕಾದ್ದು ಆ ಉತ್ತರ. ನಿಮಗೆ ಹಾಗೆ ಅನ್ನಿಸದಿದ್ದರೆ ವಿವರಣೆಯಲ್ಲಿ ಆ ಸ್ಥಿತಿಯ ಬಗ್ಗೆ ಒಂದು ವಾಕ್ಯ ಸೇರಿಸಿ, ಎಲ್ಲ ಲಿಂಕ್‌ಗಳನ್ನೂ ಮೊದಲಿನಿಂದ ಓಡಿಸಿ. ಮಾಡೆಲ್ ಬದಲಾಯಿಸಿದ ದಿನ ಮತ್ತೊಮ್ಮೆ ಓಡಿಸಿ. ಹಿಂದಿನ ಮಾಡೆಲ್‌ಗೆ ಅರ್ಥವಾಗಿದ್ದ ವಾಕ್ಯವನ್ನು ಹೊಸದು ಬೇರೆ ರೀತಿ ಓದಬಹುದು.